ಕಡಲ ಸೌತೆಯ ಗುರುತು ಚರ್ಮದೊಳಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ಈ ತಾಲ್ಲೂಕುಗಳಲ್ಲಿರುವ ನಿಮಗೆ ಕಡಲು ಬಹು ದೂರ. ಸೌತೆ ಎಂದರೆ ಹೊಲದ ಬಳ್ಳಿಯಲ್ಲಿ ಬಿಡುವ ಕಾಯಿ. ಆದರೆ ಕಡಲ ತಳದಲ್ಲಿಯೂ ಒಂದು ಸೌತೆ ಇದೆ. ಅದು ಕಾಯಲ್ಲ, ಪ್ರಾಣಿ! ನಕ್ಷತ್ರಮೀನಿನಂತೆ ಅದೂ ಕಂಟಕಚರ್ಮಿಗಳ ವಂಶಕ್ಕೆ ಸೇರಿದೆ. ಇಂದು ಅದರ ಸಾವಿರಕ್ಕೂ ಹೆಚ್ಚು ಪ್ರಭೇದಗಳು ತಿಳಿದಿವೆ.

ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರ್ಪಡಿಸುವುದು ಹೇಗೆ? ಕಡಲ ಸೌತೆಯ ಮೈ ಮೆದು. ಮುಟ್ಟಿದರೆ ಕುಗ್ಗುತ್ತದೆ, ಬಿಟ್ಟರೆ ಹಿಗ್ಗುತ್ತದೆ. ಮದ್ಯಸಾರದಲ್ಲಿಟ್ಟರೆ ಬಣ್ಣ ಮಾಸುತ್ತದೆ. ಹೊರನೋಟವನ್ನು ನಂಬುವಂತಿಲ್ಲ.

ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಬಿಷಪ್ ಆಗಿದ್ದ ಗುನ್ನೆರುಸ್ 1767ರಲ್ಲಿ ಉತ್ತರದ ತಣ್ಣೀರಿನ ಎರಡು ಕಡಲ ಸೌತೆಗಳನ್ನು ವರ್ಣಿಸಿದರು. ಇಂದು ಅವುಗಳ ಹೆಸರು ಕುಕುಮೇರಿಯಾ ಫ್ರಾಂಡೋಸಾ ಮತ್ತು ಪ್ಯಾರಾಸ್ಟಿಕೋಪಸ್ ಟ್ರೆಮುಲಸ್. ಮೊದಲನೆಯದರ ಬಾಯಿಯ ಸುತ್ತ ಮರದ ಕೊಂಬೆಗಳಂತೆ ಕವಲೊಡೆದ 10 ಕರಬಳ್ಳಿಗಳಿವೆ. ಅವುಗಳಿಂದ ನೀರಿನಲ್ಲಿ ತೇಲುವ ಆಹಾರಕಣಗಳನ್ನು ಹಿಡಿಯುತ್ತದೆ. ಎರಡನೆಯದರ ಕರಬಳ್ಳಿಗಳ ತುದಿ ಗುರಾಣಿಯಂತೆ ಅಗಲ. ಅವುಗಳಿಂದ ತಳದ ಕೆಸರನ್ನು ಬಾಚಿ ತಿನ್ನುತ್ತದೆ. ಕರಬಳ್ಳಿಯ ಆಕಾರವೇ ಬದುಕಿನ ರೀತಿಯನ್ನೂ ವಂಶವನ್ನೂ ಹೇಳುತ್ತದೆ ಎಂಬುದನ್ನು ಗಮನಿಸಿದಿರಾ?

ಆದರೆ ಒಂದೇ ವಂಶದ ಪ್ರಭೇದಗಳನ್ನು ವಿಂಗಡಿಸಲು ಇಷ್ಟು ಸಾಲದು. ಹತ್ತೊಂಬತ್ತನೆಯ ಶತಮಾನದಲ್ಲಿ ಸೂಕ್ಷ್ಮದರ್ಶಕ ನೆರವಿಗೆ ಬಂತು. ಈ ಮೆದು ಚರ್ಮದೊಳಗೆ ಬರಿಗಣ್ಣಿಗೆ ಕಾಣದ ಸುಣ್ಣದ ಕಣಗಳು ಹುದುಗಿವೆ. ಕೆಲವು ಗುಂಡಿಯಂತೆ, ಕೆಲವು ಮೇಜಿನಂತೆ, ಕೆಲವು ರಂಧ್ರಗಳುಳ್ಳ ತಟ್ಟೆಯಂತೆ. ಲಂಗರು, ಗಾಲಿಗಳ ಆಕಾರವೂ ಉಂಟು. ಗಂಟಲ ಸುತ್ತ ಸುಣ್ಣದ ಬಳೆಯೊಂದಿದೆ. ಕಣ, ಬಳೆ, ಕರಬಳ್ಳಿಗಳನ್ನು ಒಟ್ಟಿಗೆ ನೋಡಿದರೆ ಗುರುತು ಖಚಿತವಾಗುತ್ತದೆ. ಒಂದನ್ನೇ ನೆಚ್ಚುವಂತಿಲ್ಲ. ಕುಕುಮೇರಿಯಾ ಫ್ರಾಂಡೋಸಾ ಬೆಳೆದಂತೆ ಅದರ ಚರ್ಮದ ಕಣಗಳು ವಿರಳವಾಗುತ್ತವೆ.

1872ರಿಂದ 1876ರವರೆಗೆ ಸಾಗರಗಳನ್ನು ಶೋಧಿಸಿದ ‘ಚಾಲೆಂಜರ್’ ಹಡಗು ಆಳದಿಂದ ಅನೇಕ ಕಡಲ ಸೌತೆಗಳನ್ನು ತಂದಿತು. ಸ್ವೀಡನ್ನಿನ ಯಾಲ್ಮಾರ್ ಥೇಲ್ ಅವುಗಳನ್ನು ಪರೀಕ್ಷಿಸಿ 1882 ಮತ್ತು 1886ರಲ್ಲಿ ವರದಿಗಳನ್ನು ಪ್ರಕಟಿಸಿದರು.

ತಣ್ಣೀರಿನ ಪ್ರಾಣಿಗಳು ನಮ್ಮ ಕಡಲಿನಲ್ಲೂ ಇವೆಯೆ? ಇವೆ. ಬಂಗಾಳ ಕೊಲ್ಲಿಯ ಮೇಲ್ಮೈ ನೀರು ಬೆಚ್ಚಗಿದ್ದರೂ 2,000 ಮೀಟರ್ ಆಳದಲ್ಲಿ ಉಷ್ಣತೆ ಸುಮಾರು 3 ಡಿಗ್ರಿ ಸೆಲ್ಸಿಯಸ್ ಮಾತ್ರ! ಭಾರತದ ಸರ್ವೇಕ್ಷಣಾ ಹಡಗು ‘ಇನ್ವೆಸ್ಟಿಗೇಟರ್’ ಇಂಥ ಆಳಕ್ಕೆ ಬಲೆ ಇಳಿಸಿತು. ಅದು ತಂದ ಆಳಸಾಗರದ ಕಡಲ ಸೌತೆಗಳನ್ನು ಫ್ರಾನ್ಸಿನ ಕೋಲರ್ ಮತ್ತು ವಾನೆ ವರ್ಣಿಸಿದರು. ಅವರ ಗ್ರಂಥವನ್ನು ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂ 1905ರಲ್ಲಿ ಪ್ರಕಟಿಸಿತು.

ಇಲ್ಲೊಂದು ಎಚ್ಚರಿಕೆ ಬೇಕು. ನೀವೇ ಮಾಡಿ ನೋಡಿ. ಮೊಟ್ಟೆಯ ಚಿಪ್ಪಿನ ಚೂರನ್ನು ನಿಂಬೆರಸದಲ್ಲಿ ಹಾಕಿ. ಗುಳ್ಳೆಗಳೇಳುತ್ತವೆ; ಸುಣ್ಣ ನಿಧಾನವಾಗಿ ಕರಗುತ್ತದೆ. ಕಡಲ ಸೌತೆಯನ್ನಿಟ್ಟ ಫಾರ್ಮಲಿನ್ ಆಮ್ಲೀಯವಾದರೆ ಹೀಗೆಯೇ ಆಗುತ್ತದೆ. ಪ್ರಾಣಿ ಸೀಸೆಯಲ್ಲಿ ಉಳಿಯುತ್ತದೆ, ಗುರುತು ಅಳಿಯುತ್ತದೆ! ಆದ್ದರಿಂದ ಮದ್ಯಸಾರದಲ್ಲಿಡುವುದೇ ಲೇಸು.

ಈ ಹಳೆಯ ವಿದ್ಯೆ ಇಂದಿಗೂ ಬೇಕು. ಕಡಲ ಸೌತೆಯನ್ನು ಬೇಯಿಸಿ, ಒಣಗಿಸಿ ಪೂರ್ವ ಏಷ್ಯಾದ ದೇಶಗಳಿಗೆ ಮಾರುತ್ತಾರೆ. ಅತಿಯಾದ ಬೇಟೆಯಿಂದ ಅವು ಕ್ಷೀಣಿಸಿದ್ದರಿಂದ 2001ರಲ್ಲಿ ಭಾರತ ಅವುಗಳಿಗೆ ವನ್ಯಜೀವಿ ಕಾಯಿದೆಯ ರಕ್ಷಣೆ ನೀಡಿತು. ಅಂತಾರಾಷ್ಟ್ರೀಯ ಒಪ್ಪಂದವು ಕೆಲವು ಪ್ರಭೇದಗಳ ವ್ಯಾಪಾರವನ್ನು ಮಾತ್ರ ನಿಯಂತ್ರಿಸುತ್ತದೆ. ಒಣಗಿದ ತುಂಡು ಯಾವ ಪ್ರಭೇದದ್ದು? ಚರ್ಮದ ಚೂರನ್ನು ಬ್ಲೀಚ್ ದ್ರಾವಣದಲ್ಲಿ ಹಾಕಿದರೆ ಮಾಂಸ ಕರಗಿ ಕಣಗಳು ಉಳಿಯುತ್ತವೆ. ಮೈಯ ಆಕಾರ, ಬಣ್ಣಗಳು ಹೋದ ಮೇಲೂ ಸಾಕ್ಷಿ ಹೇಳುವುದು ಆ ಸುಣ್ಣವೇ.