ಹಿಡಿತದ ಬೆಲೆ: ಕಡೆಯುವ ಕೆಲಸದ ಒಂದು ಚರಿತ್ರೆ

ಊರಿನ ಹಳೆಯ ಮನೆಯನ್ನು ಕೆಡವಿದಾಗ ಅದರ ಹಲಸಿನ ಹೊಸ್ತಿಲಿನಿಂದ ಒಂದು ತುಂಡನ್ನು ನಾವು ಮಸ್ಕತ್ತಿಗೆ ತಂದೆವು. ಗೆದ್ದಲು ತಿಂದು ಉಳಿದಿದ್ದ ಗಟ್ಟಿ ಭಾಗವನ್ನು ಅಳೆದು ನೋಡಿದರೆ ಮೂರು ಪೆನ್ನುಗಳಿಗೆ ಸಾಕಾಗುವಷ್ಟಿತ್ತು. ಆ ಹೊಸ್ತಿಲು ದಾಟಿ ಬೆಳೆದವರೂ ಒಡಹುಟ್ಟಿದವರು ಮೂವರೇ. ಸಣ್ಣದೊಂದು ಲೇತನ್ನು ಹೊಂದಿಸಿಕೊಂಡು ಕೆಲಸಕ್ಕೆ ಕುಳಿತೆವು. ಮೊದಲನೆಯ ತುಂಡು ಅರ್ಧ ಕೆಲಸದಲ್ಲಿ ಸೀಳಿಹೋಯಿತು. ಮರ ಚೆನ್ನಾಗಿ ಒಣಗಿತ್ತು, ಉಳಿಯೂ ಹರಿತವಾಗಿತ್ತು. ತಪ್ಪಿದ್ದು ಒಂದೇ ಕಡೆ, ಮರವನ್ನು ಹಿಡಿದಿದ್ದ ರೀತಿಯಲ್ಲಿ. ಇನ್ನೆರಡು ತುಂಡುಗಳನ್ನು ಮುಟ್ಟುವ ಮೊದಲು ಈ ಹಿಡಿತದ ವಿಚಾರವನ್ನು ಬುಡದಿಂದ ತಿಳಿಯಬೇಕೆಂದು ಹೊರಟೆವು. ತಿಳಿದದ್ದನ್ನು ಸಂಘದ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಭಾಷೆಯಲ್ಲಿ ಮರವನ್ನು ದುಂಡಗೆ ಮಾಡುವುದಕ್ಕೂ ಮಜ್ಜಿಗೆ ಮಾಡುವುದಕ್ಕೂ ಒಂದೇ ಮಾತು: ಕಡೆಯುವುದು. ಇದು ಬರಿಯ ಮಾತಿನ ಹೋಲಿಕೆಯಲ್ಲ. ಅಜ್ಜಿ ಮೊಸರು ಕಡೆಯುತ್ತಿದ್ದುದನ್ನು ಕಂಡವರು ನೆನಪಿಸಿಕೊಳ್ಳಬಹುದು. ಕಡಗೋಲನ್ನು ಕಂಬಕ್ಕೆ ಕಟ್ಟಿದ ಕುಣಿಕೆಯಲ್ಲಿ ನಿಲ್ಲಿಸಿ, ಅದಕ್ಕೆ ಹಗ್ಗ ಸುತ್ತಿ, ಎರಡೂ ಕೈಯಲ್ಲಿ ಒಂದಾದ ಮೇಲೊಂದರಂತೆ ಎಳೆಯುತ್ತಿದ್ದರು. ಕೋಲು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗುತ್ತಿತ್ತು. ಇದೇ ಕೋಲನ್ನು ಅಡ್ಡ ಮಲಗಿಸಿ, ಎರಡು ತುದಿಗಳನ್ನೂ ಚೂಪು ಮೊಳೆಗಳ ನಡುವೆ ಸಿಕ್ಕಿಸಿ, ತಿರುಗುವಾಗ ಉಳಿ ಹಿಡಿದರೆ ಅದೇ ಮನುಷ್ಯನ ಅತಿ ಹಳೆಯ ಲೇತು. ಈಜಿಪ್ಟಿನಲ್ಲಿ ಪೆಟೊಸಿರಿಸ್ ಎಂಬ ಅರ್ಚಕನ ಗೋರಿಯ ಗೋಡೆಯ ಮೇಲೆ, ಕ್ರಿಸ್ತಪೂರ್ವ 300ರ ಸುಮಾರಿನಲ್ಲಿ ಕೆತ್ತಿದ ಚಿತ್ರದಲ್ಲಿ ಒಬ್ಬ ಹಗ್ಗ ಎಳೆಯುತ್ತಿದ್ದಾನೆ, ಇನ್ನೊಬ್ಬ ಉಳಿ ಹಿಡಿದಿದ್ದಾನೆ.

ಮುಂದೆ ಹಗ್ಗ ಎಳೆಯುವ ಎರಡನೆಯ ಆಳಿನ ಬದಲು ಬಿಲ್ಲು ಬಂದಿತು. ಬಿಲ್ಲಿನ ಹೆದೆಯನ್ನು ಮರಕ್ಕೆ ಒಂದು ಸುತ್ತು ಸುತ್ತಿ, ಒಂದು ಕೈಯಲ್ಲಿ ಬಿಲ್ಲನ್ನು ಹಿಂದೆ ಮುಂದೆ ಎಳೆದು, ಇನ್ನೊಂದು ಕೈಯಲ್ಲಿ ಉಳಿ ಹಿಡಿದು, ಕಾಲ್ಬೆರಳಿನಿಂದ ಉಳಿಗೆ ಆಸರೆ ಕೊಟ್ಟು ಕಡೆಯುವ ಕುಶಲಕರ್ಮಿಗಳು ಕೈರೋ ಮತ್ತು ಡಮಾಸ್ಕಸ್ಸಿನ ಪೇಟೆಗಳಲ್ಲಿ ಹೆಸರಾದವರು. ಅರಬ್ ಮನೆಗಳ ಕಿಟಕಿಯ ಮರದ ಜಾಲರಿಗಳಲ್ಲಿ ಕಾಣುವ ಸಾವಿರಾರು ಗುಂಡುಗಳು ಹೀಗೆ ಹುಟ್ಟಿದವು. ನಾವಿರುವ ಒಮಾನಿನಲ್ಲಿ ಈ ಬಿಲ್ಲಿನ ಒಡಹುಟ್ಟು ಹಡಗು ಕಟ್ಟುವವರ ಕೈಯಲ್ಲಿತ್ತು. ಅದೇ ಬಿಲ್ಲು ಬೈರಿಗೆ. ಲೇತಿನಲ್ಲಿ ಮರ ತಿರುಗುತ್ತದೆ, ಉಪಕರಣ ನಿಂತಿರುತ್ತದೆ. ಬೈರಿಗೆಯಲ್ಲಿ ಇದು ತಿರುವುಮುರುವು. 1980ರಲ್ಲಿ ಸೂರ್ ಪಟ್ಟಣದಲ್ಲಿ ಕಟ್ಟಿ ಚೀನಾದ ಕ್ಯಾಂಟನ್ನಿಗೆ ಹೋದ 'ಸೊಹಾರ್' ಹಡಗನ್ನು ಅಲ್ ಬುಸ್ತಾನ್ ವೃತ್ತದಲ್ಲಿ ಅನೇಕರು ನೋಡಿರುತ್ತೀರಿ. ಅದರ ಹಲಗೆಗಳಿಗೆ ಮೊಳೆಯಿಲ್ಲ. ಸಾವಿರಾರು ತೂತುಗಳ ಮೂಲಕ ತೆಂಗಿನ ನಾರಿನ ಹಗ್ಗದಿಂದ ಹೊಲಿದದ್ದು. ಮರವೂ ನಮ್ಮ ಪಶ್ಚಿಮ ಕರಾವಳಿಯಿಂದಲೇ ಬಂದದ್ದು.

ಎರಡು ಮೊಳೆಗಳ ನಡುವಿನ ಹಿಡಿತದ ಗುಣವೆಂದರೆ ನಿಖರತೆ. ಮರವನ್ನು ತೆಗೆದು ಮತ್ತೆ ಇಟ್ಟರೂ ಅದು ಅದೇ ನಡುವಿನಲ್ಲೇ ಕೂರುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೂ ಉಂಟು. ಎರಡು ತುದಿಗಳೂ ಬಂಧಿಯಾದ ಮೇಲೆ ಒಳಗನ್ನು ಕೊರೆಯಲು ಬಾಗಿಲೇ ಇಲ್ಲ. ಗುಂಡು, ಕಾಲು, ಲಟ್ಟಣಿಗೆ ಮಾಡಬಹುದು. ಕರಡಿಗೆ ಮಾಡಲಾಗದು, ಪೆನ್ನಿನ ಕೊಳವೆಯನ್ನೂ ಮಾಡಲಾಗದು. ಪ್ರತಿಯೊಂದು ಹಿಡಿತವೂ ಕೆಲಸಗಾರನಿಂದ ಏನನ್ನಾದರೂ ಕೇಳಿಯೇ ಕೇಳುತ್ತದೆ ಎಂಬ ಮಾತು ನಮಗೆ ಮೊದಲು ಹೊಳೆದದ್ದು ಇಲ್ಲಿ.

ಕಡೆಯುವ ಕೆಲಸದ ಮಾತು ಬಂದ ಮೇಲೆ ಕನ್ನಡಿಗರು ಕಲ್ಲನ್ನು ಮರೆಯುವಂತಿಲ್ಲ. 1112ರ ಇಟಗಿಯ ಮಹಾದೇವ ದೇವಾಲಯ, ಲಕ್ಕುಂಡಿಯ ಗುಡಿಗಳು, 1117ರ ಬೇಲೂರಿನ ಚೆನ್ನಕೇಶವ ದೇವಾಲಯ ಇವುಗಳ ನುಣುಪಾದ ಕಂಬಗಳ ಮೇಲೆ ಬಳೆಯಂತೆ ಸುತ್ತುಬಂದಿರುವ ಗೀರುಗಳನ್ನು ನೋಡಿದರೆ ಅವು ಕಡೆದವೆಂದು ಯಾರಿಗಾದರೂ ಅನಿಸುತ್ತದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿರುವುದು ಇದಕ್ಕೆ ಅನುಕೂಲವಾಯಿತು. ಕಂಬ ತಿರುಗಿತೋ, ಕಂಬದ ಸುತ್ತ ಉಪಕರಣ ತಿರುಗಿತೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಆದರೆ ಅನೇಕ ಕಂಬಗಳ ಬುಡ ಚೌಕವಾಗಿಯೇ ಉಳಿದು, ದುಂಡು ಅದರ ಮೇಲಿನಿಂದ ಆರಂಭವಾಗುವುದನ್ನು ಈಗ ನೋಡಿದಾಗ, ಅಷ್ಟು ಭಾರವನ್ನು ಅಲುಗದಂತೆ ನಿಲ್ಲಿಸುವ ಪ್ರಶ್ನೆ ಆ ರೂವಾರಿಗಳನ್ನು ಎಷ್ಟು ಕಾಡಿರಬೇಕೆಂದು ನಮಗೆ ಅನಿಸುತ್ತದೆ.

ಕಲ್ಲಿನಿಂದ ಮತ್ತೆ ಮರಕ್ಕೆ ಬರೋಣ. ಬೆಂಗಳೂರು-ಮೈಸೂರು ರಸ್ತೆಯಲ್ಲಿ, ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಚನ್ನಪಟ್ಟಣದ ಬೊಂಬೆ ಇಲ್ಲದ ಕನ್ನಡಿಗರ ಮನೆ ಮಸ್ಕತ್ತಿನಲ್ಲೂ ವಿರಳ. ಟಿಪ್ಪು ಸುಲ್ತಾನನು ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಈ ಕಲೆಯನ್ನು ನೆಲೆಗೊಳಿಸಿದನೆಂಬುದು ಅಲ್ಲಿನ ಪ್ರತೀತಿ. ಅವನ ಕಾಲದಲ್ಲಿ ಈ ಕೊಲ್ಲಿಯ ಜೊತೆ ಮೈಸೂರಿಗೆ ನಿಕಟ ವ್ಯವಹಾರವಿದ್ದುದಂತೂ ನಿಜ. ಮಸ್ಕತ್ತಿನಲ್ಲಿ ಟಿಪ್ಪುವಿನ ವ್ಯಾಪಾರದ ಕೋಠಿಯಿತ್ತು. ತುರ್ಕಿಯ ಸುಲ್ತಾನನ ಬಳಿಗೆ ಹೊರಟ ಅವನ ರಾಯಭಾರಿಗಳು 1786ರಲ್ಲಿ ಮಸ್ಕತ್ತಿಗೆ ಬಂದಿಳಿದಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಜಪಾನಿನ ರೀತಿಗಳನ್ನು ಅಲ್ಲಿಗೆ ತಂದವರೆಂದು ಬಾವಾಸ್ ಮಿಯಾ ಅವರ ಹೆಸರನ್ನು ಚನ್ನಪಟ್ಟಣದವರು ಗೌರವದಿಂದ ಹೇಳುತ್ತಾರೆ.

ಚನ್ನಪಟ್ಟಣದ ಮೋಟಾರು ಲೇತಿನ ಮುಂದೆ ಕುಳಿತವರನ್ನು ಗಮನಿಸಿ. ಹಾಲೆ ಮರದ ಕೋಲಿನ ಒಂದು ತುದಿಯನ್ನು ಕೆತ್ತಿ, ತಿರುಗುವ ತಲೆಯಲ್ಲಿರುವ ಲೋಹದ ಬಟ್ಟಲಿಗೆ ಸುತ್ತಿಗೆಯಿಂದ ಹೊಡೆದು ಕೂರಿಸುತ್ತಾರೆ. ಇನ್ನೊಂದು ತುದಿ ಬಿಡುವಾಗಿರುತ್ತದೆ. ಜಪಾನಿನಲ್ಲಿ ಕೊಕೇಶಿ ಬೊಂಬೆ ಕಡೆಯುವವರೂ ಮರವನ್ನು ಹೀಗೆ ಒಂದೇ ತುದಿಯಲ್ಲಿ ಹೊಡೆದು ಕೂರಿಸುತ್ತಾರೆ. ಬಿಡುವಾದ ತುದಿಯಿಂದ ಒಳಗೆ ಕೊರೆಯಬಹುದು, ಮುಚ್ಚಳದ ಡಬ್ಬಿ ಮಾಡಬಹುದು, ಒಂದೇ ಕೋಲಿನಿಂದ ಒಂದಾದ ಮೇಲೊಂದು ಬೊಂಬೆಯನ್ನು ಕಡೆದು ಕತ್ತರಿಸಿ ಬೀಳಿಸಬಹುದು. ಈ ಹಿಡಿತದ ಬೆಲೆ, ಕೊನೆಯಲ್ಲಿ ಬಟ್ಟಲಲ್ಲೇ ಉಳಿಯುವ ಮರದ ತುಂಡು. ಮೆದುವಾದ, ಬಿಳಿಯ ಹಾಲೆ ಮರಕ್ಕೆ ಈ ನಷ್ಟ ಅಷ್ಟು ದೊಡ್ಡದಲ್ಲ.

ಬಣ್ಣ ಹಾಕುವಾಗಲೂ ಹಿಡಿತವೇ ಮುಖ್ಯ. ಇಲ್ಲಿ ಕುಂಚವಿಲ್ಲ. ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಅರಗು ಮುತ್ತುಗ, ಬೋರೆ ಮುಂತಾದ ಮರಗಳ ಮೇಲೆ ಬಾಳುವ ಒಂದು ಸಣ್ಣ ಕೀಟ ಸುರಿಸುವ ರಾಳ. ರಸಾಯನಶಾಸ್ತ್ರದ ದೃಷ್ಟಿಯಿಂದ ಅದು ಹಲವು ಆಮ್ಲಗಳು ಒಂದಕ್ಕೊಂದು ಬೆಸೆದುಕೊಂಡ ಎಸ್ಟರುಗಳ ಮಿಶ್ರಣ. ಸುಮಾರು 70 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಮೆದುವಾಗುತ್ತದೆ. ಹೆಚ್ಚು ಹೊತ್ತು ಕಾಯಿಸಿದರೆ ಮತ್ತೆ ಕರಗದಂತೆ ಗಟ್ಟಿಯಾಗುತ್ತದೆ. ಬೇಕಾದ ಬಿಸಿಯನ್ನು ಉಜ್ಜಾಟವೇ ಒದಗಿಸುತ್ತದೆ. ಮರ ಬಟ್ಟಲಲ್ಲಿ ಜಾರಿದರೆ ಬಿಸಿ ಸಾಲದು. ಓಲಾಡಿದರೆ ಅರಗು ಒಂದು ಮಗ್ಗುಲಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು. ಕೊನೆಗೆ ಕೇದಗೆ ಜಾತಿಯ ಗಿಡದ ಒಣಗರಿ ಒತ್ತಿ ಹೊಳಪು ತರುತ್ತಾರೆ. 2005-06ರಲ್ಲಿ ಚನ್ನಪಟ್ಟಣದ ಬೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತದ್ದು ಈ ಕೈಗಳ ಅಭ್ಯಾಸಕ್ಕೆ ಸಂದ ಗೌರವ.

ಇದೇ ಅರಗು ಸ್ವತಃ ಒಂದು ಹಿಡಿತವೂ ಹೌದು. ನಮ್ಮ ಅಕ್ಕಸಾಲಿಗರು ಕೆತ್ತನೆಯ ಕೆಲಸಕ್ಕೆ ಒಡವೆಯನ್ನು ಅರಗಿನಲ್ಲಿ ಕೂರಿಸುತ್ತಾರೆ. ಗಡಿಯಾರ ರಿಪೇರಿಯವರು ಉಗುರಿನಲ್ಲೂ ಹಿಡಿಯಲಾಗದ ಭಾಗವನ್ನು ಲೇತಿನ ತಲೆಗೆ ಅರಗಿನಿಂದ ಅಂಟಿಸಿ, ಕೆಲಸ ಮುಗಿದ ಮೇಲೆ ಬಿಸಿ ಮಾಡಿ ಬಿಡಿಸುತ್ತಿದ್ದರು. ಮೊಳೆಯ ಗುರುತಿಲ್ಲ, ತುಂಡಿನ ನಷ್ಟವಿಲ್ಲ. ಬಿಸಿ ಮಾತ್ರ ತಾಳಬೇಕು.

ಇನ್ನು ಪೆನ್ನು. ದಕ್ಷಿಣ ಭಾರತದಲ್ಲಿ ಪೆನ್ನು ಕಡೆಯುವ ಕೆಲಸಕ್ಕೆ ಹೆಸರು ತಂದದ್ದು ಆಂಧ್ರದ ರಾಜಮಂಡ್ರಿಯ ರತ್ನಂ ಪೆನ್ನು. 1935ರಲ್ಲಿ ಗಾಂಧೀಜಿಯವರು ಅದನ್ನು ಮೆಚ್ಚಿ ಪತ್ರ ಬರೆದರು. ಅದರ ಕೊಳವೆ ಎಬೊನೈಟಿನದು, ಅಂದರೆ ರಬ್ಬರಿಗೆ ಹೆಚ್ಚು ಗಂಧಕ ಸೇರಿಸಿ ಕಾಯಿಸಿದ ಗಟ್ಟಿ ವಸ್ತು. ಎಬೊನೈಟಿಗೆ ಎಳೆಗಳಿಲ್ಲ, ಅದು ಎಲ್ಲ ದಿಕ್ಕಿನಲ್ಲೂ ಒಂದೇ. ಮರಕ್ಕೆ ಎಳೆಯುಂಟು. ಉದ್ದಕ್ಕೆ ಕೊರೆಯುವಾಗ ಬೈರಿಗೆ ಎಳೆಯನ್ನು ಹಿಡಿದು ಪಕ್ಕಕ್ಕೆ ಸರಿಯುತ್ತದೆ. ಹೊರಗನ್ನು ಮೊದಲು ದುಂಡಗೆ ಮಾಡಿ ಆಮೇಲೆ ಕೊರೆದರೆ ಗೋಡೆ ಒಂದು ಕಡೆ ದಪ್ಪ, ಒಂದು ಕಡೆ ಕಾಗದ. ಆದ್ದರಿಂದ ಪೆನ್ನಿನಲ್ಲಿ ಕ್ರಮವನ್ನು ತಲೆಕೆಳಗು ಮಾಡುತ್ತಾರೆ. ಮೊದಲು ತೂತು, ಅದರೊಳಗೆ ಅಂಟು ಹಚ್ಚಿದ ಹಿತ್ತಾಳೆಯ ಕೊಳವೆ (ಸಾಮಾನ್ಯ ಪೆನ್ನಿಗೆ 7 ಮಿ.ಮೀ.), ಆಮೇಲೆ ಆ ತೂತನ್ನೇ ನಡುವೆಂದು ಹಿಡಿದು ಹೊರಮೈ.

ಹಾಗೆ ಹಿಡಿಯುವ ಸುಲಭದ ದಾರಿ ಮ್ಯಾಂಡ್ರೆಲ್ ಎಂಬ ಉಕ್ಕಿನ ಕಂಬಿ. ತುಂಡನ್ನು ಮಣಿಯಂತೆ ಕಂಬಿಗೆ ಪೋಣಿಸಿ, ಎರಡು ಪಕ್ಕ ಬುಷ್ ಇಟ್ಟು, ತುದಿಯಲ್ಲಿ ತಿರುಪು ಬಿಗಿಯುವುದು. ಪೆನ್ನಿನ ಎರಡು ಭಾಗಗಳನ್ನೂ ಒಟ್ಟಿಗೇ ಕಡೆಯಬಹುದು. ಆದರೆ ಕಂಬಿ ತೆಳು. ನಾವು ಮಾಡಿದ ತಪ್ಪು ಇಲ್ಲಿಯೇ. ಮರ ಜಾರೀತೆಂಬ ಹೆದರಿಕೆಯಿಂದ ತಿರುಪನ್ನು ಅಗತ್ಯಕ್ಕಿಂತ ಹೆಚ್ಚು ಬಿಗಿದೆವು. ಕಂಬಿ ಕಣ್ಣಿಗೆ ಕಾಣದಷ್ಟು ಬಾಗಿತು, ಮರ ಓಲಾಡುತ್ತ ತಿರುಗಿತು, ಒಂದು ಮಗ್ಗುಲು ತೆಳುವಾಗುತ್ತ ಬಂದು ಉಳಿ ಕಚ್ಚಿದೊಡನೆ ಹಲಸು ಎಳೆಯುದ್ದಕ್ಕೂ ಸೀಳಿತು. ಬಿಗಿಯಾದ ಹಿಡಿತವೇ ಭದ್ರವಾದ ಹಿಡಿತವೆಂದು ತಿಳಿದದ್ದಕ್ಕೆ ಹೊಸ್ತಿಲಿನ ಮೂರನೆಯ ಒಂದು ಪಾಲನ್ನು ತೆತ್ತೆವು.

ಎರಡನೆಯ ತುಂಡಿಗೆ ಕಂಬಿಯನ್ನು ಬಿಟ್ಟೆವು. ಕೊಳವೆಯ ಎರಡು ಬಾಯಿಗೂ ಒಂದೊಂದು ಬುಷ್ ಕೂರಿಸಿ, ಅವುಗಳನ್ನು ಲೇತಿನ ಎರಡು ಚೂಪುಗಳ ನಡುವೆ ಹಿಡಿದೆವು. ಅಂದರೆ ಸುತ್ತಿ ಬಳಸಿ ಆ ಈಜಿಪ್ಟಿನ ಗೋಡೆಯ ಚಿತ್ರಕ್ಕೇ ಬಂದೆವು. ಬಾಗಲು ನಡುವೆ ಏನೂ ಇಲ್ಲ. ಒಂದು ಸಲಕ್ಕೆ ಒಂದೇ ಭಾಗ ಕಡೆಯಬೇಕು, ಹೊತ್ತು ಇಮ್ಮಡಿ ಹಿಡಿಯುತ್ತದೆ. ಅದೇ ಇದರ ಬೆಲೆ. ನೂರು ಪೆನ್ನು ಮಾಡಿ ಮಾರುವವರಿಗೆ ಈ ಬೆಲೆ ದುಬಾರಿ, ಅವರಿಗೆ ಹದವಾಗಿ ಬಿಗಿದ ಕಂಬಿಯೇ ಸರಿ. ಮರ ಇನ್ನೊಮ್ಮೆ ಸಿಗದಿದ್ದಾಗ ಹೊತ್ತೇ ಅಗ್ಗ.

ಎರಡು ಪೆನ್ನುಗಳು ಆದವು. ಅವುಗಳನ್ನು ಊರಿನಲ್ಲಿರುವ ಇಬ್ಬರಿಗೆ ಕಳಿಸಿದೆವು. ಸೀಳಿದ ತುಂಡು ನಮ್ಮ ಪಾಲಿಗೆ ಉಳಿದು ಮೇಜಿನ ಮೇಲಿದೆ.

ಮುಂದಿನ ರಜೆಯಲ್ಲಿ ಚನ್ನಪಟ್ಟಣದ ಮೇಲೆ ಹೋಗುವ ಬಂಧುಗಳಲ್ಲಿ ಒಂದು ಬಿನ್ನಹ. ಮಕ್ಕಳಿಗೆ ಅರಗಿನ ಬಣ್ಣವನ್ನಷ್ಟೇ ಅಲ್ಲ, ಕುಶಲಕರ್ಮಿಯ ಎಡಗಡೆಗೆ, ಮರ ಬಟ್ಟಲನ್ನು ಸೇರುವ ಜಾಗವನ್ನೂ ತೋರಿಸಿ. ಮರದ ಪೆನ್ನು ಕೊಳ್ಳುವುದಾದರೆ ಬಿಚ್ಚಿ ಎರಡು ತುದಿಗಳಲ್ಲೂ ಗೋಡೆಯ ದಪ್ಪ ಸುತ್ತಲೂ ಸಮವಾಗಿದೆಯೇ ನೋಡಿ. ಸಮವಾಗಿದ್ದರೆ, ಅದನ್ನು ಮಾಡಿದವರು ಹಿಡಿತವನ್ನು ಬಲ್ಲವರೆಂದು ತಿಳಿದು, ಕೇಳಿದ ಬೆಲೆಗೆ ಚೌಕಾಸಿ ಮಾಡದೆ ಕೊಟ್ಟು ಬನ್ನಿ.