ತೆಂಗಿನ ಸೀಮೆಯ ಅಟ್ಟದ ಮನೆಗಳು

ತುರುವೇಕೆರೆಯಲ್ಲಿ 13ನೆಯ ಶತಮಾನದ ಹೊಯ್ಸಳ ಗುಡಿಗಳಿವೆ. ಅವುಗಳ ಇತಿಹಾಸವನ್ನು ಅರಿಯಲು ಕಲ್ಲಿನ ಬರಹಗಳ ನೆರವುಂಟು. ಆದರೆ ಆ ಗುಡಿಗಳ ಸುತ್ತಲಿನ ಹಳ್ಳಿಗಳಲ್ಲಿ ರೈತನು ಬಾಳಿದ ಮನೆಗೆ ಶಾಸನವಿಲ್ಲ. ಅದರ ಇತಿಹಾಸವನ್ನು ಅದರ ಗೋಡೆ, ಕಂಬ, ತೊಲೆಗಳಿಂದಲೇ ನಾವು ಓದಿಕೊಳ್ಳಬೇಕಾಗಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಇಂತಹ ಹಳೆಯ ಮನೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದರಿಂದ, ಅವುಗಳ ರಚನೆಯನ್ನು ಕುರಿತು ನಾಲ್ಕು ಮಾತುಗಳನ್ನು ಇಲ್ಲಿ ಬರೆದಿಡುವುದು ಉಚಿತವೆಂದು ಭಾವಿಸುತ್ತೇವೆ.

ಈ ಸೀಮೆಯ ತೆಂಗು ಹೊಸದಲ್ಲ. 1800ರಲ್ಲಿ ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ತೆಂಗು ಅಡಕೆ ತೋಟಗಳ ಬೇಸಾಯವನ್ನು ತನ್ನ ಪ್ರವಾಸ ಗ್ರಂಥದಲ್ಲಿ ವಿವರಿಸಿದ್ದಾನೆ. ಕೆರೆಯ ಹಿಂದೆ ತೋಟ, ಎತ್ತರದ ಹೊಲದಲ್ಲಿ ರಾಗಿ, ಇವೆರಡರ ನಡುವೆ ಊರು. ಈ ಎರಡು ಬೆಳೆಗಳನ್ನೂ ಕಾಪಾಡಿಕೊಳ್ಳುವುದೇ ಮನೆಯ ಮುಖ್ಯ ಕೆಲಸವಾಗಿತ್ತು. ರಾಗಿ ನೆಲದೊಳಗಿನ ಹಗೇವಿಗೆ ಇಳಿಯಿತು. ತೆಂಗಿನಕಾಯಿ ಅಟ್ಟಕ್ಕೆ ಏರಿತು. ಇವೆರಡರ ಮಧ್ಯೆ ಮನುಷ್ಯರು ಬಾಳಿದರು.

ಮನೆಯ ತಳಪಾಯ ಕಾಡುಗಲ್ಲಿನದು. ಅದರ ಮೇಲೆ ಕಲಸಿ ಹದಗೊಳಿಸಿದ ಮಣ್ಣನ್ನು ವರಸೆವರಸೆಯಾಗಿ ಇಟ್ಟು, ಒಂದು ವರಸೆ ಒಣಗಿದ ಬಳಿಕ ಮತ್ತೊಂದನ್ನು ಏರಿಸಿ ದಪ್ಪನೆಯ ಗೋಡೆಯನ್ನು ಕಟ್ಟುತ್ತಿದ್ದರು. ಮುಂದೆ ಜಗಲಿ, ಒಳಗೆ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ತೊಟ್ಟಿಯ ನಾಲ್ಕು ಕಡೆಯೂ ಕಂಬಗಳು. ಹೊರಗೋಡೆಗೆ ಕಿಟಕಿಗಳು ವಿರಳವಾದುದರಿಂದ ಗಾಳಿ ಬೆಳಕುಗಳು ತೊಟ್ಟಿಯ ಮೂಲಕವೇ ಒಳಬರಬೇಕು. ಬಿದ್ದ ಮಳೆನೀರು ಕಲ್ಲುಚಪ್ಪಡಿಯ ಮೇಲೆ ಹರಿದು ತೂಬಿನಿಂದ ಹೊರಹೋಗುತ್ತದೆ. ಅನೇಕ ಮನೆಗಳಲ್ಲಿ ದನಕರುಗಳಿಗೂ ಇದೇ ಸೂರಿನಡಿ ಕೊಟ್ಟಿಗೆಯಿತ್ತು. ಹಿಂಭಾಗದಲ್ಲಿ ಅಡಿಗೆಮನೆ, ಬಚ್ಚಲು, ಅದರಾಚೆ ಹಿತ್ತಿಲು. ಬಚ್ಚಲಿನ ಹಂಡೆಗೆ ತೆಂಗಿನ ಮಟ್ಟೆಯೇ ಸೌದೆ. ಸೂರಿನ ಜಂತೆಗಳಿಗೆ ಫಲ ನಿಂತ ಹಳೆಯ ತೆಂಗಿನ ಬೊಡ್ಡೆಗಳೂ ಬಳಕೆಯಾಗುತ್ತಿದ್ದವು.

ಇಷ್ಟನ್ನು ಹಳೆಯ ಮೈಸೂರಿನ ಬೇರೆ ಕಡೆಯ ತೊಟ್ಟಿಮನೆಗಳಲ್ಲಿಯೂ ಕಾಣಬಹುದು. ಈ ಸೀಮೆಯ ವಿಶೇಷವಿರುವುದು ಅಟ್ಟದಲ್ಲಿ. ತಿಪಟೂರಿನ ಹೆಸರನ್ನು ಉತ್ತರ ಭಾರತದವರೆಗೂ ಒಯ್ದ ಉಂಡೆ ಕೊಬ್ಬರಿ, ಅಂದರೆ ಗಿಟುಕು, ಹುಟ್ಟಿದ್ದು ಈ ಅಟ್ಟಗಳ ಮೇಲೆಯೇ. ಕರಾವಳಿಯಲ್ಲಿ ಕಾಯನ್ನು ಒಡೆದು ಹೋಳುಗಳನ್ನು ಒಣಗಿಸುತ್ತಾರೆ. ಇಲ್ಲಿನ ಕ್ರಮ ಬೇರೆ. ಪೂರ್ಣವಾಗಿ ಬಲಿತ ಕಾಯನ್ನು ಮಟ್ಟೆಸಹಿತ ಅಟ್ಟಕ್ಕೆ ಹಾಕಿ, ಎಂಟರಿಂದ ಹನ್ನೆರಡು ತಿಂಗಳು ನೆರಳಿನಲ್ಲಿ ಇಡುತ್ತಾರೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆಯಾಗುತ್ತದೆ. ಕಾಯನ್ನು ಅಲುಗಿಸಿದರೆ ಒಳಗೆ ಲೊಟಲೊಟ ಸದ್ದು ಕೇಳಿಸುತ್ತದೆ. ಆಗ ಸುಲಿದು, ಉಂಡೆಗೆ ಪೆಟ್ಟಾಗದಂತೆ ಚಿಪ್ಪನ್ನು ಒಡೆದು ತೆಗೆಯಬೇಕು. ಬಯಲುಸೀಮೆಯ ಒಣಹವೆ ಇದಕ್ಕೆ ಅನುಕೂಲ.

ಈ ಕಾರ್ಯಕ್ಕೆ ತಕ್ಕಂತೆಯೇ ಅಟ್ಟವನ್ನು ಕಟ್ಟಲಾಗಿದೆ. ಅದರ ಹಾಸು ಸಂದಿಲ್ಲದ ಹಲಗೆಯದಾಗಿದ್ದರೆ ಕಾಯಿ ಮುಗ್ಗುತ್ತದೆ. ಆದುದರಿಂದ ಬಿದಿರಿನ ಗಳುಗಳನ್ನಾಗಲಿ ಮರದ ಪಟ್ಟಿಗಳನ್ನಾಗಲಿ ಬೆರಳು ತೂರುವಷ್ಟು ಸಂದಿ ಬಿಟ್ಟು ಹಾಸುತ್ತಿದ್ದರು. ಕೆಳಗಿನ ಒಲೆಯ ಬಿಸಿಯೂ ತೆಳುಹೊಗೆಯೂ ಆ ಸಂದಿಗಳಿಂದ ಮೇಲೇರಿ ಕಾಯಿಗಳ ನಡುವೆ ಸುಳಿದು ಹೆಂಚಿನ ಎಡೆಯಿಂದ ಹೊರಹೋಗುತ್ತಿತ್ತು. ಅಡಿಗೆಯ ಬೆಂಕಿಯೇ ಕೊಬ್ಬರಿಯನ್ನೂ ಕಾಯುತ್ತಿತ್ತು. ಭಾರದ ಲೆಕ್ಕವನ್ನೂ ನೋಡೋಣ. ಮಟ್ಟೆಸಹಿತ ಒಂದು ಕಾಯಿಗೆ ಒಂದು ಕಿಲೋ ಎಂದು ಹಿಡಿದರೂ 5,000 ಕಾಯಿಗಳು ಐದು ಟನ್ ತೂಗುತ್ತವೆ. ಈ ಮನೆಗಳ ತೊಲೆಗಳೇಕೆ ಅಷ್ಟು ದಪ್ಪ, ಕಂಬಗಳೇಕೆ ಅಷ್ಟು ಒತ್ತೊತ್ತು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ನೋಡುಗರು ವೈಭವವೆಂದು ಬಗೆಯುವ ಕಂಬಸಾಲು ಹೊರೆ ಹೊರಲು ನಿಂತದ್ದು.

ಕಾಲಕ್ರಮದಲ್ಲಿ ಮನೆಯ ಮೇಲ್ಭಾಗ ಬದಲಾಯಿತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ತಿಪಟೂರುಗಳ ಮೂಲಕ ಹರಿಹರದತ್ತ ರೈಲುಹಾದಿ ಬೆಳೆಯಿತು. ಮುಂದಿನ ದಶಕಗಳಲ್ಲಿ, ನಾಡಿನ ಎಷ್ಟೋ ಚರ್ಚುಗಳ ಮೇಲೆ ಕುಳಿತ ಮಂಗಳೂರು ಹೆಂಚು ಬಯಲುಸೀಮೆಯ ಮನೆಗಳಲ್ಲಿಯೂ ನಾಡಹೆಂಚಿನ ಸ್ಥಾನವನ್ನು ಪಡೆಯಿತು. ಅದೇ ರೈಲು ಕೊಬ್ಬರಿಯನ್ನು ದೂರದ ಪೇಟೆಗಳಿಗೆ ಒಯ್ದು ತಿಪಟೂರನ್ನು ದೊಡ್ಡ ಮಾರುಕಟ್ಟೆಯನ್ನಾಗಿ ಮಾಡಿತು.

ಈ ಅಟ್ಟ ರೈತನಿಗೆ ನೀಡಿದ ದೊಡ್ಡ ವರವೆಂದರೆ ಕಾಯುವ ಶಕ್ತಿ. ಕಿತ್ತ ದಿನವೇ ಮಾರಬೇಕಾದ ಬೆಳೆಗೆ ಕೊಳ್ಳುವವನು ಹೇಳಿದ್ದೇ ಬೆಲೆ. ಒಂದು ವರ್ಷ ಇಡಬಲ್ಲವನು ಮದುವೆ, ಬಿತ್ತನೆ, ಕಾಯಿಲೆಗಳ ಅಗತ್ಯ ನೋಡಿಕೊಂಡು ಕೊಂಚಕೊಂಚವಾಗಿ ಮಾರಬಲ್ಲನು. ಆದರೆ ಸಾಲಗಾರನಿಗೆ ಈ ಸೌಕರ್ಯವಿರಲಿಲ್ಲ. ಅವನ ಕಾಯಿ ಒಣಗುವ ಮೊದಲೇ ಅಟ್ಟದಿಂದ ಇಳಿಯುತ್ತಿತ್ತು. ತುಂಬಿದ ಅಟ್ಟವನ್ನು ಹೊಗಳುವಾಗ, ಅದನ್ನು ತುಂಬಲು ಮರ ಹತ್ತಿದ, ಕಾಯಿ ಹೊತ್ತ ಕೂಲಿಯವರ ಮನೆಗಳಿಗೆ ಅಟ್ಟವೇ ಇರಲಿಲ್ಲವೆಂಬುದನ್ನೂ ನಾವು ಮರೆಯಲಾಗದು.

ಇಂದು ಈ ಮನೆಗಳು ಬೀಳುತ್ತಿರುವುದಕ್ಕೆ ಕಾರಣಗಳು ಹಲವು. ಅಣ್ಣತಮ್ಮಂದಿರ ಪಾಲಿನಲ್ಲಿ ತೊಟ್ಟಿಯ ನಡುವೆ ಗೋಡೆ ಎದ್ದರೆ ಗಾಳಿಯೂ ಬೆಳಕೂ ಪಾಲಾಗಿ ಎರಡು ಕಡೆಯೂ ಕತ್ತಲೆ. 1990ರ ದಶಕದ ಕೊನೆಯಲ್ಲಿ ಬಂದ ನುಸಿರೋಗ ಮತ್ತು ಮೇಲಿಂದ ಮೇಲೆ ಬಿದ್ದ ಬರ ಫಸಲನ್ನು ಕುಗ್ಗಿಸಿದವು. ಎಳನೀರಿನ ವ್ಯಾಪಾರ, ತೆಂಗಿನ ಪುಡಿಯ ಕಾರ್ಖಾನೆಗಳು ಕಾಯನ್ನು ಹಸಿಯಾಗಿಯೇ ಕೊಳ್ಳುತ್ತವೆ. ಕೊಬ್ಬರಿ ಮಾಡುವವರೂ ತೋಟದಲ್ಲಿ ಪ್ರತ್ಯೇಕ ಶೆಡ್ ಹಾಕಿಕೊಂಡಿದ್ದಾರೆ. ಕಾದರೆ ಬೆಲೆ ಬಂದೀತೆಂಬ ನಂಬಿಕೆಗೂ ಪೆಟ್ಟು ಬಿದ್ದಿದೆ: 2023ರಲ್ಲಿ ಪೇಟೆಯ ದರ ಬೆಂಬಲ ಬೆಲೆಗಿಂತ ಕೆಳಗಿಳಿದಾಗ ರೈತರು ಬೀದಿಗಿಳಿಯಬೇಕಾಯಿತು. ಅಟ್ಟ ಬರಿದಾದ ಮನೆಯಲ್ಲಿ ದಪ್ಪ ತೊಲೆಗಳಿಗೆ ಕೆಲಸವಿಲ್ಲ. ಮರದ ವ್ಯಾಪಾರಿ ಬಂದು ಅವುಗಳಿಗೆ ಬೆಲೆ ಕಟ್ಟುತ್ತಾನೆ.

ಎಲ್ಲ ಮನೆಗಳನ್ನೂ ಉಳಿಸಿರೆಂದು ಹೇಳುವುದು ಸುಲಭ. ಸೋರುವ ಸೂರಿನಡಿ ಬದುಕುವವರಿಗೆ ಅದು ನ್ಯಾಯದ ಮಾತಾಗದು. ಆದರೆ ಕೆಡಹುವ ಮುನ್ನ ಅಂಕಣಗಳನ್ನು ಅಳೆದು ಒಂದು ನಕ್ಷೆ ಬರೆದಿಡಲು, ತೊಟ್ಟಿ ಅಟ್ಟಗಳ ಚಿತ್ರ ತೆಗೆದಿಡಲು, ಮನೆಯ ಹಿರಿಯರಿಂದ ಯಾವ ಕೋಣೆಯಲ್ಲಿ ಏನು ನಡೆಯುತ್ತಿತ್ತೆಂದು ಕೇಳಿ ಬರೆದುಕೊಳ್ಳಲು ಒಂದು ದಿನ ಸಾಕು. ಈ ಸೀಮೆಯಲ್ಲಿ ಬಂಧುಬಳಗವಿರುವ ವಾಚಕರು ಮುಂದಿನ ಬಾರಿ ಅಲ್ಲಿಗೆ ಹೋದಾಗ ಏಣಿಯಿಟ್ಟು ಆ ಅಟ್ಟವನ್ನೊಮ್ಮೆ ಹತ್ತಿ ನೋಡಲಿ, ಕಂಡುದನ್ನು ಬರೆದಿಡಲಿ ಎಂಬುದು ನಮ್ಮ ಬಿನ್ನಹ.