ಟ್ಯಾಂಪಾದಿಂದ ಸ್ಟಾಕ್‌ಹೋಮ್‌ವರೆಗೆ: ಡೆತ್ ಮೆಟಲ್ ರೂಪುಗೊಂಡ ಬಗೆ

ಡೆತ್ ಮೆಟಲ್ 1980ರ ದಶಕದ ನಡುವೆ ಅಮೆರಿಕದಲ್ಲಿ ತಲೆಯೆತ್ತಿ, ದಶಕ ಮುಗಿಯುವ ಹೊತ್ತಿಗೆ ಯುರೋಪಿನಲ್ಲೂ ಬೇರೂರಿದ ಹೆವಿ ಮೆಟಲ್‌ನ ಒಂದು ಕವಲು. ಶ್ರುತಿ ಇಳಿಸಿದ ಗಿಟಾರು, ಬಿಡುವಿಲ್ಲದೆ ಓಡುವ ಡ್ರಮ್ಮು, ಗಂಟಲಾಳದಿಂದ ಗುರುಗುಟ್ಟುವ ದನಿ ಇದರ ಗುರುತುಗಳು. ಮೊದಲ ಸಲ ಕೇಳಿದವರಿಗೆ ಬರೀ ಗದ್ದಲ ಅನ್ನಿಸುವುದು ಸಹಜ. ಕೊಳೆತ ಹೆಣ, ನರಕ, ಕೊಲೆಗಳೇ ತುಂಬಿರುವ ಹಾಡಿನ ಸಾಹಿತ್ಯವನ್ನು ಓದಿದರಂತೂ ಹೇಸಿಗೆಯೂ ಆದೀತು. ಆದರೆ ಈ ಸಂಗೀತದ ಚರಿತ್ರೆ ಇರುವುದು ಅದರ ಸಾಹಿತ್ಯದಲ್ಲಲ್ಲ, ಸದ್ದಿನಲ್ಲಿ. ಯಾವ ಊರಿನ ಯಾವ ಸ್ಟುಡಿಯೊದಲ್ಲಿ, ಯಾವ ಸಲಕರಣೆ ಹಿಡಿದು ಆ ಸದ್ದನ್ನು ಹದಕ್ಕೆ ತಂದರು ಎಂಬುದೇ ಅದರ ಮುಖ್ಯ ಕಥೆ.

ಇದರ ಬೇರು ವೇಗವೇ ಪ್ರಧಾನವಾದ ಥ್ರ್ಯಾಶ್ ಮೆಟಲ್‌ನಲ್ಲಿದೆ. ಇಂಗ್ಲೆಂಡಿನ ನ್ಯೂಕಾಸಲ್‌ನ ವೆನಮ್ ತಂಡ 1980ರ ದಶಕದ ಮೊದಲಲ್ಲೇ ಸೈತಾನ, ಸ್ಮಶಾನಗಳ ಚಿತ್ರಗಳನ್ನು ಒರಟು ನುಡಿಸಾಣಿಕೆಗೆ ಜೋಡಿಸಿತ್ತು. ಸ್ವಿಟ್ಜರ್ಲೆಂಡಿನ ಹೆಲ್‌ಹ್ಯಾಮರ್, ಅದರಿಂದ ಹುಟ್ಟಿದ ಸೆಲ್ಟಿಕ್ ಫ್ರಾಸ್ಟ್ ತಂಡಗಳು ಭಾರವಾದ, ಕತ್ತಲು ಕವಿದ ರಿಫ್‌ಗಳನ್ನು, ಅಂದರೆ ಮರಳಿ ಮರಳಿ ಬರುವ ಗಿಟಾರ್ ತುಣುಕುಗಳನ್ನು, ಕೊಟ್ಟವು. ಕ್ಯಾಲಿಫೋರ್ನಿಯಾದ ಸ್ಲೇಯರ್ ವೇಗವನ್ನು ಎಲ್ಲಿಗೆ ಒಯ್ಯಬಹುದೆಂದು ತೋರಿಸಿತು. 1986ರ ಅದರ ‘ರೇನ್ ಇನ್ ಬ್ಲಡ್’ ಆಲ್ಬಮ್‌ನ ಹತ್ತು ಹಾಡುಗಳೂ 29 ನಿಮಿಷದೊಳಗೆ ಮುಗಿದುಹೋಗುತ್ತವೆ.

ಸ್ಯಾನ್ ಫ್ರಾನ್ಸಿಸ್ಕೊ ಆಸುಪಾಸಿನ ಪೊಸೆಸ್ಡ್ ತಂಡ 1984ರಲ್ಲಿ ತಂದ ಡೆಮೊ ಕ್ಯಾಸೆಟ್ಟಿನ ಹೆಸರೇ ‘ಡೆತ್ ಮೆಟಲ್’. ಮರುವರ್ಷ ಬಂದ ‘ಸೆವೆನ್ ಚರ್ಚಸ್’ ಆಲ್ಬಮ್ಮನ್ನು ಹಲವರು ಈ ಪ್ರಕಾರದ ಮೊದಲ ಆಲ್ಬಮ್ ಎನ್ನುತ್ತಾರೆ. ತಂಡದ ಹುಡುಗರು ಆಗಿನ್ನೂ ಹೈಸ್ಕೂಲಿನಲ್ಲಿದ್ದರು. ಈಸ್ಟರ್ ರಜೆಯಲ್ಲಿ ಧ್ವನಿಮುದ್ರಣ ಮುಗಿಸಿ ಮತ್ತೆ ತರಗತಿಗೆ ಹೋದರು. ಕೇಳಿದರೆ ಅರ್ಧ ಥ್ರ್ಯಾಶ್, ಅರ್ಧ ಹೊಸದು. ಗಾಯಕ ಜೆಫ್ ಬೆಸೆರಾನ ಗುಡುಗಿನಂಥ ದನಿಯನ್ನು ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಹಳೆಯ ಮನೆಯಲ್ಲೇ ಇದೆ.

ಆ ಮನೆ ಬಿಟ್ಟು ಹೊರಟವನು ಫ್ಲಾರಿಡಾದ ಚಕ್ ಶುಲ್ಡಿನರ್. 1967ರಲ್ಲಿ ಹುಟ್ಟಿದ ಚಕ್‌ನ ಅಣ್ಣ ಅಪಘಾತದಲ್ಲಿ ತೀರಿಕೊಂಡಾಗ, ದುಃಖ ಮರೆಯಲೆಂದು ತಂದೆತಾಯಿ ಹುಡುಗನಿಗೊಂದು ಗಿಟಾರ್ ಕೊಡಿಸಿದರು. ಶಾಸ್ತ್ರೀಯ ಪಾಠ ಅವನಿಗೆ ಹಿಡಿಸಲಿಲ್ಲ. 1983ರಲ್ಲಿ ಗೆಳೆಯರೊಡನೆ ಮ್ಯಾಂಟಸ್ ಎಂಬ ತಂಡ ಕಟ್ಟಿದ. ಮರುವರ್ಷ ಅದಕ್ಕೆ ಡೆತ್ ಎಂದು ಹೆಸರು ಬದಲಾಯಿತು. ಜೊತೆಗಾರರು ಬಂದರು, ಹೋದರು. ಚಕ್ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದ, ಟೊರಾಂಟೊಗೆ ಹೋದ, ತಿರುಗಿ ಬಂದ. 1987ರಲ್ಲಿ ಹೊರಬಂದ ‘ಸ್ಕ್ರೀಮ್ ಬ್ಲಡಿ ಗೋರ್’ನಲ್ಲಿ ಗಿಟಾರ್, ಬೇಸ್, ಹಾಡುಗಾರಿಕೆ ಮೂರೂ ಅವನದೇ, ಡ್ರಮ್ ಕ್ರಿಸ್ ರೈಫರ್ಟ್‌ನದು. ಸಾಹಿತ್ಯವೆಲ್ಲ ಅಗ್ಗದ ದೆವ್ವದ ಸಿನಿಮಾಗಳ ರಕ್ತದೋಕುಳಿ. ಸಂಗೀತ ಮಾತ್ರ ಥ್ರ್ಯಾಶ್‌ನ ಗಡಿ ದಾಟಿತ್ತು.

ಡೆತ್ ಮೆಟಲ್‌ನ ಗುರುಗುಟ್ಟುವ ದನಿ ತೆಗೆಯುವುದು ಬರೀ ಕಿರುಚಾಟವಲ್ಲ. ಮಾತಿಗೆ ಬಳಕೆಯಾಗುವ ಧ್ವನಿತಂತುಗಳಿಗಿಂತ ತುಸು ಮೇಲೆ ಗಂಟಲಲ್ಲಿ ಇನ್ನೊಂದು ಜೊತೆ ಮಡಿಕೆಗಳಿವೆ. ಸಾಮಾನ್ಯ ಮಾತಿನಲ್ಲಿ ಅವು ಸುಮ್ಮನಿರುತ್ತವೆ. ಹೊಟ್ಟೆಯ ಬಲದಿಂದ ಉಸಿರನ್ನು ಹಿಡಿತದಲ್ಲಿ ಬಿಟ್ಟು ಅವನ್ನು ಕಂಪಿಸುವಂತೆ ಮಾಡಿದಾಗ ಆ ಗುರುಗುಟ್ಟುವಿಕೆ ಹೊರಡುತ್ತದೆ. ವಿಧಾನ ತಿಳಿಯದೆ ಗಂಟಲು ಹರಿದುಕೊಂಡವರು ದನಿ ಕೆಡಿಸಿಕೊಳ್ಳುತ್ತಾರೆ. ತಿಳಿದವರು ಮೂವತ್ತು ವರ್ಷ ಹಾಡಿದ್ದಾರೆ. ಇಲ್ಲಿ ಸ್ವರಸ್ಥಾನಕ್ಕೆ ಜಾಗವಿಲ್ಲ, ಅಕ್ಷರಗಳೂ ಸರಿಯಾಗಿ ಕೇಳಿಸುವುದಿಲ್ಲ. ದನಿ ಮಾಡುವುದು ತಾಳವಾದ್ಯದ ಕೆಲಸ. ರಾಗಕ್ಕಾಗಿ ಗಾಯಕನ ಕಡೆ ಕಿವಿಗೊಡುವ ಅಭ್ಯಾಸವನ್ನು ಇಲ್ಲಿ ಬಿಡಬೇಕಾಗುತ್ತದೆ; ರಾಗವೇನಿದ್ದರೂ ಗಿಟಾರಿನಲ್ಲಿದೆ.

ರೇಡಿಯೊ ಈ ಸಂಗೀತವನ್ನು ಹೆಚ್ಚಾಗಿ ಮುಟ್ಟುತ್ತಿರಲಿಲ್ಲ, ದೊಡ್ಡ ಕಂಪನಿಗಳು ತಿರುಗಿಯೂ ನೋಡುತ್ತಿರಲಿಲ್ಲ. ಆದರೂ ಫ್ಲಾರಿಡಾದ ಹುಡುಗನ ಡೆಮೊ ಸ್ಟಾಕ್‌ಹೋಮ್‌ನ ಹುಡುಗನ ಕೈ ಸೇರುತ್ತಿದ್ದುದು ಅಂಚೆಯ ಮೂಲಕ. ಒಬ್ಬರ ಬಳಿಯಿದ್ದ ಕ್ಯಾಸೆಟ್ಟನ್ನು ಇನ್ನೊಬ್ಬರು ನಕಲು ಮಾಡಿಕೊಂಡು ಬದಲಿಗೆ ತಮ್ಮದನ್ನು ಕಳಿಸುವ ಈ ಜಾಲ ಖಂಡಗಳನ್ನು ದಾಟಿತ್ತು. ನಕಲಿನ ನಕಲಿನ ನಕಲಾಗಿ ಬಂದ ಹಾಡಿನಲ್ಲಿ ಸಂಗೀತಕ್ಕಿಂತ ಟೇಪಿನ ‘ಸ್ಸ್’ ಎಂಬ ಸದ್ದೇ ಜೋರಾಗಿರುತ್ತಿತ್ತು. ಅಂಚೆ ಖರ್ಚು ಉಳಿಸಲು ಸ್ಟಾಂಪಿನ ಮೇಲೆ ತೆಳ್ಳಗೆ ಗೋಂದು ಸವರುತ್ತಿದ್ದರು. ಆಗ ಅಂಚೆ ಮೊಹರು ಗೋಂದಿನ ಮೇಲೆ ಬೀಳುತ್ತಿತ್ತು. ಪಡೆದವರು ಅದನ್ನು ತೊಳೆದು, ಸ್ಟಾಂಪನ್ನು ವಾಪಸು ಕಳಿಸುತ್ತಿದ್ದರು. ಕಾನೂನಿನ ಕಣ್ಣಲ್ಲಿ ಇದು ವಂಚನೆಯೇ. ಜೆರಾಕ್ಸ್ ಮಾಡಿ ಹಂಚುತ್ತಿದ್ದ ಕಿರುಪತ್ರಿಕೆಗಳು ಇದೇ ಲಕೋಟೆಗಳಲ್ಲಿ ಓಡಾಡಿ, ವಿಮರ್ಶೆ, ಸಂದರ್ಶನ, ವಿಳಾಸಗಳನ್ನು ಊರೂರಿಗೆ ತಲುಪಿಸಿದವು.

ಡೆತ್ ಮೆಟಲ್‌ನ ರಾಜಧಾನಿ ಎನ್ನುವಂತಾದದ್ದು ಫ್ಲಾರಿಡಾದ ಟ್ಯಾಂಪಾ. ಬಿಸಿಲು, ಸಮುದ್ರ, ನಿವೃತ್ತರ ಕಾಲೊನಿಗಳ ಆ ಊರಿಗೂ ಹೆಣದ ಹಾಡುಗಳಿಗೂ ಎತ್ತಣಿಂದೆತ್ತ ಸಂಬಂಧ ಎಂದು ಕೇಳುವವರಿದ್ದಾರೆ. ಉತ್ತರ ಬಹುಮಟ್ಟಿಗೆ ಒಂದು ಕಟ್ಟಡದಲ್ಲಿದೆ: ಟಾಮ್ ಮತ್ತು ಜಿಮ್ ಮೋರಿಸ್ ಸಹೋದರರ ಮೋರಿಸೌಂಡ್ ಸ್ಟುಡಿಯೊ. 1980ರ ದಶಕದಲ್ಲಿ ಸ್ಯಾವಟಾಜ್‌ನಂಥ ಸ್ಥಳೀಯ ಹೆವಿ ಮೆಟಲ್ ತಂಡಗಳ ಕೆಲಸ ಮಾಡಿ ಅವರಿಗೆ ಅಬ್ಬರದ ಸಂಗೀತದ ಹದ ಗೊತ್ತಿತ್ತು. ಅಲ್ಲಿನ ಎಂಜಿನಿಯರ್ ಸ್ಕಾಟ್ ಬರ್ನ್ಸ್ ಎದುರಿಸಿದ ಸಮಸ್ಯೆ ಮಾತ್ರ ಹೊಸದು. ಶ್ರುತಿ ಇಳಿಸಿದ ಗಿಟಾರು, ಬೇಸ್, ಕಾಲಿನಿಂದ ನುಡಿಸುವ ದೊಡ್ಡ ಡ್ರಮ್, ಗುರುಗುಟ್ಟುವ ದನಿ, ಎಲ್ಲವೂ ತಗ್ಗಿನ ಸ್ವರಗಳಲ್ಲೇ ಒಂದರ ಮೇಲೊಂದು ಬೀಳುತ್ತವೆ. ವೇಗ ಹೆಚ್ಚಿದಷ್ಟೂ ಎಲ್ಲ ಕಲಸಿ ಕೆಸರಾಗುತ್ತದೆ. ಮೋರಿಸೌಂಡ್‌ನವರು ಕಾಲ್ಡ್ರಮ್ಮಿನ ಗುಮ್ಮೆನ್ನುವ ನಾದವನ್ನು ತಗ್ಗಿಸಿ, ಬಡಿಗೆ ತೊಗಲಿಗೆ ತಾಗುವ ‘ಟಕ್’ ಎಂಬ ಏಟನ್ನು ಮುಂದಕ್ಕೆ ತಂದರು. ಗಿಟಾರಿನ ಅಂಚುಗಳನ್ನು ಚೂಪುಗೊಳಿಸಿದರು. ಎಷ್ಟೇ ವೇಗದಲ್ಲೂ ಪ್ರತಿ ಏಟನ್ನೂ ಎಣಿಸುವಂತಾಯಿತು.

1988ರ ಡೆತ್‌ನ ‘ಲೆಪ್ರಸಿ’ ಇಲ್ಲೇ ಮುದ್ರಿತವಾಯಿತು. 1989ರಲ್ಲಿ ಒಬಿಚುವರಿಯ ‘ಸ್ಲೋಲಿ ವಿ ರಾಟ್’, ಮಾರ್ಬಿಡ್ ಏಂಜಲ್‌ನ ‘ಆಲ್ಟರ್ಸ್ ಆಫ್ ಮ್ಯಾಡ್ನೆಸ್’. 1990ರಲ್ಲಿ ಡಿಸೈಡ್ ತಂಡದ ಮೊದಲ ಆಲ್ಬಮ್. ಇವುಗಳಲ್ಲಿ ‘ಆಲ್ಟರ್ಸ್ ಆಫ್ ಮ್ಯಾಡ್ನೆಸ್’ ತೂಕದ್ದು. ಪೀಟ್ ಸ್ಯಾಂಡೊವಲ್ ಅದರಲ್ಲಿ ಬಾರಿಸಿದ ಬ್ಲಾಸ್ಟ್ ಬೀಟ್, ಅಂದರೆ ಸ್ನೇರ್ ಮತ್ತು ಕಾಲ್ಡ್ರಮ್‌ಗಳನ್ನು ಒಂದರ ಬೆನ್ನಿಗೊಂದು ತಡೆಯಿಲ್ಲದೆ ಬಾರಿಸುವ ಪಟ್ಟು, ಮುಂದೆ ಎಲ್ಲ ಡ್ರಮ್ಮರುಗಳ ಪಾಠವಾಯಿತು. ಅದರ ಮೇಲೆ ಟ್ರೇ ಅಜಾಗ್‌ಥಾತ್‌ನ ಗಿಟಾರು ಸುಳಿಸುಳಿಯಾಗಿ ಹೊರಳುತ್ತದೆ. ಒಬಿಚುವರಿಯ ಹಾದಿ ಬೇರೆ: ಅಲ್ಲಿ ವೇಗಕ್ಕಿಂತ ಭಾರ ಮುಖ್ಯ, ಗಾಯಕ ಜಾನ್ ಟಾರ್ಡಿ ಎಷ್ಟೋ ಕಡೆ ಪದಗಳನ್ನೇ ಬಿಟ್ಟು ಬರೀ ಗರ್ಜಿಸುತ್ತಾನೆ. ಸುದ್ದಿ ಹಬ್ಬಿದ ಮೇಲೆ ಹೊರಗಿನವರು ಟ್ಯಾಂಪಾಕ್ಕೆ ಬರತೊಡಗಿದರು. ನ್ಯೂಯಾರ್ಕಿನ ಬಫಲೊದಿಂದ ಕ್ಯಾನಿಬಲ್ ಕಾರ್ಪ್ಸ್ ಬಂದು, ಕೊನೆಗೆ ಅಲ್ಲೇ ನೆಲೆಸಿತು. ಇಂಗ್ಲೆಂಡಿನ ನೇಪಾಮ್ ಡೆತ್ ಬಂತು. ಬ್ರೆಜಿಲ್‌ನ ಸೆಪುಲ್ಟುರಾ 1991ರ ‘ಅರೈಸ್’ ಮುದ್ರಿಸಿದ್ದೂ ಅಲ್ಲಿಯೇ. ಒಂದೇ ಸ್ಟುಡಿಯೊದಿಂದ ಇಷ್ಟೊಂದು ಆಲ್ಬಮ್‌ಗಳು ಬಂದಾಗ ಎಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ ಎಂಬ ಗೊಣಗಾಟವೂ ಎದ್ದಿತು. ಅದರಲ್ಲಿ ಸತ್ಯವಿತ್ತು. ಬರ್ನ್ಸ್ ಮುಂದೆ ಸಂಗೀತ ಬಿಟ್ಟು ಕಂಪ್ಯೂಟರ್ ಕೆಲಸಕ್ಕೆ ಹೋದ.

ಸ್ಟಾಕ್‌ಹೋಮ್‌ನ ಹುಡುಗರಿಗೆ ಈ ಅಚ್ಚುಕಟ್ಟುತನ ಬೇಕಿರಲಿಲ್ಲ. ಅವರ ಸದ್ದಿನ ಗುಟ್ಟು ಅಂಗೈ ಅಗಲದ ಒಂದು ಕಪ್ಪು ಡಬ್ಬಿ: ಜಪಾನಿನ ಬಾಸ್ ಕಂಪನಿ 1983ರಿಂದ ಮಾರುತ್ತಿದ್ದ ಎಚ್‌ಎಂ-2 ಎಂಬ ಗಿಟಾರ್ ಪೆಡಲ್. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಕೂರುವ, ಕಾಲಲ್ಲಿ ಒತ್ತಿ ಚಾಲೂ ಮಾಡುವ ಇದಕ್ಕೆ ನಾಲ್ಕು ತಿರುಗಣೆಗಳು. ಹಿತಮಿತವಾಗಿ ಬಳಸಲೆಂದು ಮಾಡಿದ ಆ ನಾಲ್ಕನ್ನೂ ನಿಹಿಲಿಸ್ಟ್ ತಂಡದ ಹುಡುಗರು ಕೊನೆಯವರೆಗೆ ತಿರುಗಿಸಿಟ್ಟರು. ಹೊರಟದ್ದು ಮರ ಕೊಯ್ಯುವ ಯಂತ್ರದಂಥ ಕೊರೆತ. ಸನ್‌ಲೈಟ್ ಸ್ಟುಡಿಯೊದ ಟೋಮಸ್ ಸ್ಕೂಗ್ಸ್‌ಬರ್ಗ್ ಅದನ್ನು ಹಾಗೇ ಹಿಡಿದಿಟ್ಟ. ನಿಹಿಲಿಸ್ಟ್ ಒಡೆದು ಹುಟ್ಟಿದ ಎಂಟೂಂಬ್ಡ್‌ನ ‘ಲೆಫ್ಟ್ ಹ್ಯಾಂಡ್ ಪಾತ್’ 1990ರಲ್ಲೂ, ಡಿಸ್‌ಮೆಂಬರ್‌ನ ‘ಲೈಕ್ ಆ್ಯನ್ ಎವರ್ ಫ್ಲೋಯಿಂಗ್ ಸ್ಟ್ರೀಮ್’ 1991ರಲ್ಲೂ ಬಂದವು. ಅದೇ 1991ರಲ್ಲಿ ಕಂಪನಿ ಆ ಪೆಡಲ್ ತಯಾರಿಕೆಯನ್ನೇ ನಿಲ್ಲಿಸಿತು! ಹಳೆಯವುಗಳಿಗಾಗಿ ಗಿರಾಕಿಗಳು ಅಲೆದಾಡಿ, ಕೊನೆಗೆ 2021ರಲ್ಲಿ ಬಾಸ್ ಅದನ್ನು ಮತ್ತೆ ಹೊರತಂದಿತು.

ಬ್ರಿಟನ್ನಿನಲ್ಲಿ ಈ ಸಂಗೀತಕ್ಕೆ ಆಶ್ರಯ ಕೊಟ್ಟದ್ದು ನಾಟಿಂಗ್‌ಹ್ಯಾಮ್‌ನ ಇಯರೇಕ್ ರೆಕಾರ್ಡ್ಸ್. ಮಾರ್ಬಿಡ್ ಏಂಜಲ್, ಎಂಟೂಂಬ್ಡ್, ಕಾರ್ಕಸ್, ಬೋಲ್ಟ್ ಥ್ರೋವರ್‌ಗಳೆಲ್ಲ ಆ ಸಣ್ಣ ಕಂಪನಿಯಲ್ಲಿದ್ದವು. ಬಿಬಿಸಿಯ ಜಾನ್ ಪೀಲ್ ಇಂಥ ತಂಡಗಳನ್ನು ತನ್ನ ರೇಡಿಯೊ ಕಾರ್ಯಕ್ರಮಕ್ಕೆ ಕರೆದು ನುಡಿಸಿದ್ದು ಅವುಗಳಿಗೆ ದೊಡ್ಡ ಬಲವಾಯಿತು. ಲಿವರ್‌ಪೂಲ್‌ನ ಕಾರ್ಕಸ್ ವೈದ್ಯಕೀಯ ನಿಘಂಟಿನಿಂದ ಪದ ಹೆಕ್ಕಿ ಹೆಣ ಕೊಯ್ಯುವ ಹಾಡು ಬರೆಯಿತು. ಬರೆದವರು ಸಸ್ಯಾಹಾರಿಗಳು.

ಈ ಸಾಹಿತ್ಯವೂ ಮುಖಪುಟಗಳೂ ಜಗಳ ತಂದವು. ಕ್ಯಾನಿಬಲ್ ಕಾರ್ಪ್ಸ್‌ಗೆ ತನ್ನ ಮೊದಲ ಮೂರು ಆಲ್ಬಮ್‌ಗಳ ಹಾಡುಗಳನ್ನು ಜರ್ಮನಿಯ ವೇದಿಕೆಗಳಲ್ಲಿ ನುಡಿಸಲು 2006ರವರೆಗೆ ಬಿಡಲಿಲ್ಲ. ಅಮೆರಿಕದ ಸೆನೆಟರ್ ಬಾಬ್ ಡೋಲ್ 1995ರಲ್ಲಿ ಆ ತಂಡದ ಹೆಸರೆತ್ತಿ ಖಂಡಿಸಿದರು. ಅದಕ್ಕೆ ಒಂದು ವರ್ಷ ಮೊದಲಷ್ಟೇ ನಟ ಜಿಮ್ ಕ್ಯಾರಿ, ಸ್ವತಃ ಅಭಿಮಾನಿ, ‘ಏಸ್ ವೆಂಚುರಾ’ ಹಾಸ್ಯಚಿತ್ರದಲ್ಲಿ ಅದೇ ತಂಡವನ್ನು ತೆರೆಗೆ ತಂದಿದ್ದ.

1990ರ ದಶಕದ ನಡುವೆ ಭರಾಟೆ ಇಳಿಯಿತು. ಎಲ್ಲ ಕಂಪನಿಗಳೂ ಒಂದೇ ಬಗೆಯ ತಂಡಗಳನ್ನು ಹೊರತಂದು ಕೇಳುಗರಿಗೆ ಬೇಸರ ಹುಟ್ಟಿಸಿದ್ದವು. ಮೆಟಲ್‌ನದೇ ಇನ್ನೊಂದು ಕವಲಾದ ಬ್ಲ್ಯಾಕ್ ಮೆಟಲ್ ನುಡಿಸುತ್ತಿದ್ದ ನಾರ್ವೆಯ ಹುಡುಗರು ಟ್ಯಾಂಪಾದ ನುಣುಪನ್ನು ಬೇಕೆಂದೇ ತಿರಸ್ಕರಿಸಿದರು. ಸಾರ ಉಳಿಸಿಕೊಂಡವರು ದಾರಿ ಬದಲಿಸಿದರು. ಚಕ್ 1991ರ ‘ಹ್ಯೂಮನ್’ನಲ್ಲಿ ಹೆಣಗಳನ್ನು ಬಿಟ್ಟು ಮನುಷ್ಯನ ಒಳಗುದಿಯ ಕಡೆ ತಿರುಗಿದ್ದ, ಅದರಲ್ಲಿ ನುಡಿಸಿದ್ದ ಪಾಲ್ ಮಾಸ್ವಿಡಲ್ ಮತ್ತು ಶಾನ್ ರೈನರ್ಟ್ ತಮ್ಮ ಸಿನಿಕ್ ತಂಡದ 1993ರ ‘ಫೋಕಸ್’ನಲ್ಲಿ ಜಾಝ್ ಬೆರೆಸಿದರು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಅಟ್ ದ ಗೇಟ್ಸ್, ಡಾರ್ಕ್ ಟ್ರಾಂಕ್ವಿಲಿಟಿ, ಇನ್ ಫ್ಲೇಮ್ಸ್ ತಂಡಗಳು ಗುನುಗಬಹುದಾದ ಗಿಟಾರ್ ರಾಗಗಳನ್ನು ತಂದು ಮೆಲೋಡಿಕ್ ಡೆತ್ ಮೆಟಲ್ ಕಟ್ಟಿದವು. ಚಕ್ ಶುಲ್ಡಿನರ್ 2001ರ ಡಿಸೆಂಬರ್ 13ರಂದು, 34ನೇ ವಯಸ್ಸಿನಲ್ಲಿ, ಮೆದುಳಿನ ಗಡ್ಡೆಯಿಂದ ತೀರಿಕೊಂಡ.

ಈ ಸಂಗೀತ ನಮ್ಮಲ್ಲಿಗೂ ಬಂತು. ಬೆಂಗಳೂರಿನಲ್ಲಿ 1990ರ ದಶಕದಲ್ಲೇ ಡೈಯಿಂಗ್ ಎಂಬ್ರೇಸ್ ತಂಡ ಡೆತ್ ಮೆಟಲ್ಲನ್ನು ನಿಧಾನಗತಿಯ ಡೂಮ್‌ನೊಂದಿಗೆ ಬೆರೆಸಿ ನುಡಿಸುತ್ತಿತ್ತು. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ನಡೆದ, ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಐರನ್ ಮೇಡನ್‌ನ ಕಛೇರಿ ನಗರವನ್ನು ಮೆಟಲ್ ಭೂಪಟದಲ್ಲಿ ಗುರುತಿಸಿತು. ಇನ್ನರ್ ಸ್ಯಾಂಕ್ಟಮ್‌ನಂಥ ತಂಡಗಳು ಆ ನಂತರದ ಪೀಳಿಗೆಯವು. 2012ರಲ್ಲಿ ಬೆಂಗಳೂರು ಓಪನ್ ಏರ್ ಎಂಬ ಮೆಟಲ್ ಉತ್ಸವ ಶುರುವಾಯಿತು.

ಹೊಸದಾಗಿ ಕೇಳುವವರಿಗೆ ಗೋಥೆನ್‌ಬರ್ಗ್ ಸುಲಭದ ಬಾಗಿಲು. ಅಟ್ ದ ಗೇಟ್ಸ್‌ನ 1995ರ ‘ಸ್ಲಾಟರ್ ಆಫ್ ದ ಸೋಲ್’ 35 ನಿಮಿಷದೊಳಗೆ ಮುಗಿಯುತ್ತದೆ. ಅದಾದ ಮೇಲೆ ‘ಲೆಪ್ರಸಿ’ಯನ್ನೂ ‘ಲೆಫ್ಟ್ ಹ್ಯಾಂಡ್ ಪಾತ್’ಅನ್ನೂ ಒಂದರ ಹಿಂದೊಂದು ಕೇಳಿದರೆ ಟ್ಯಾಂಪಾ, ಸ್ಟಾಕ್‌ಹೋಮ್‌ಗಳ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಮೊದಲ ಸಲ ಗಾಯಕನನ್ನು ಬಿಟ್ಟು ಡ್ರಮ್ಮನ್ನು, ಎರಡನೇ ಸಲ ಗಿಟಾರನ್ನು ಹಿಂಬಾಲಿಸುವುದು ಒಳ್ಳೆಯದು. ‘ಆಲ್ಟರ್ಸ್ ಆಫ್ ಮ್ಯಾಡ್ನೆಸ್’ ಆ ನಂತರಕ್ಕೆ. ಕೆನಡಾದ ಗೋರ್‌ಗಟ್ಸ್ 1998ರಲ್ಲಿ ತಂದ, ಶ್ರುತಿ ಲಯ ಎರಡನ್ನೂ ಬೇಕೆಂದೇ ತಿರುಚಿದ ‘ಅಬ್‌ಸ್ಕ್ಯುರಾ’ ಎಲ್ಲಕ್ಕಿಂತ ಕೊನೆಗೆ.